ಗಂಗಾಮೂಲದಿಂದ ಕೇಡಗಾಂವಿಗೆ: ಪಂಡಿತಾ ರಮಾಬಾಯಿ ಬದುಕಿದ ನಂಬಿಕೆ

ಪುಣೆಯಿಂದ ಸೊಲ್ಲಾಪುರ, ಕಲಬುರಗಿ, ರಾಯಚೂರು ಕಡೆಗೆ ರೈಲಿನಲ್ಲಿ ಊರಿಗೆ ಹೋಗಿಬರುವ ನಮ್ಮವರೆಲ್ಲ ಕೇಡಗಾಂವ್ ಸ್ಟೇಷನ್ ದಾಟಿಯೇ ಹೋಗಿರುತ್ತಾರೆ. ದೌಂಡ್‌ಗೆ ಮೊದಲು ಸಿಗುವ ಸಣ್ಣ ನಿಲ್ದಾಣ. ದತ್ತನ ಭಕ್ತರಿಗೆ ಅದು ನಾರಾಯಣ ಮಹಾರಾಜರ ಬೇಟ್ ಇರುವ ಊರು. ಅದೇ ಊರಿನಲ್ಲಿ ‘ಮುಕ್ತಿ’ ಎಂಬ ಹೆಸರಿನ ಇನ್ನೊಂದು ಆವರಣವೂ ಇದೆ. ನೂರಿಪ್ಪತ್ತೈದು ವರ್ಷಗಳಿಂದ ಅಲ್ಲಿ ಅನಾಥ ಹೆಣ್ಣುಮಕ್ಕಳಿಗೆ, ಗಂಡನನ್ನು ಕಳೆದುಕೊಂಡವರಿಗೆ, ಕಣ್ಣಿಲ್ಲದವರಿಗೆ ಆಸರೆ ಸಿಗುತ್ತಿದೆ. ಅದನ್ನು ಕಟ್ಟಿದ ಪಂಡಿತಾ ರಮಾಬಾಯಿ ಮಹಾರಾಷ್ಟ್ರದವರೆಂದೇ ನಾವೆಲ್ಲ ತಿಳಿದಿರುತ್ತೇವೆ. ಅವರು ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದಲ್ಲಿ, ತುಂಗೆ ಭದ್ರೆಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್ 23ರಂದು.

ರಮಾಬಾಯಿ ಕ್ರೈಸ್ತರಾದರು ಎಂಬ ಒಂದೇ ವಾಕ್ಯದಲ್ಲಿ ಕೆಲವರು ಅವರನ್ನು ಹೊಗಳಿ ಮುಗಿಸುತ್ತಾರೆ, ಕೆಲವರು ತೆಗಳಿ ಮುಗಿಸುತ್ತಾರೆ. ಅವರು ಆ ನಂಬಿಕೆಯನ್ನು ಬೆಳಗಿನಿಂದ ರಾತ್ರಿಯವರೆಗೆ ಹೇಗೆ ಬದುಕಿದರು, ಏನು ಉಂಡರು, ಏನು ಉಟ್ಟರು, ಯಾರ ಮಾತಿಗೆ ಒಪ್ಪಲಿಲ್ಲ ಎನ್ನುವುದರ ಕಡೆಗೆ ಯಾರೂ ಹೆಚ್ಚು ಹೋಗುವುದಿಲ್ಲ. ನನಗೆ ಕುತೂಹಲ ಹುಟ್ಟಿಸಿದ್ದು ಈ ಭಾಗವೇ.

ತಂದೆ ಅನಂತಶಾಸ್ತ್ರಿ ಡೋಂಗ್ರೆ ಸಂಸ್ಕೃತ ವಿದ್ವಾಂಸರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು ಎಂಬುದೇ ಅವರ ಮೇಲಿದ್ದ ದೊಡ್ಡ ಆರೋಪ. ಉಡುಪಿಯಲ್ಲಿ ಪಂಡಿತರ ಎದುರು ನಿಂತು, ಹೆಂಗಸರು ಓದುವುದಕ್ಕೆ ಶಾಸ್ತ್ರದ ಅಡ್ಡಿಯಿಲ್ಲವೆಂದು ಗ್ರಂಥಗಳ ಆಧಾರದಿಂದಲೇ ಅವರು ವಾದಿಸಿದರು. ಜಗಳ ಸಾಕೆನಿಸಿ ಕಾಡಿಗೆ ಹೋಗಿ ಮನೆ ಕಟ್ಟಿದರು. ಅಲ್ಲಿಗೂ ವಿದ್ಯಾರ್ಥಿಗಳು, ಯಾತ್ರಿಕರು ಬಂದರು. ಬಂದವರಿಗೆಲ್ಲ ಊಟ ಹಾಕಿ ಹಾಕಿ ಸಾಲವಾಯಿತು. ರಮೆಗೆ ಆರು ತಿಂಗಳಾಗಿದ್ದಾಗ ಮನೆಯವರು ತೀರ್ಥಯಾತ್ರೆಗೆ ಹೊರಟರು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳೊಬ್ಬನ ತಲೆಯ ಮೇಲೆ ಹೊರಿಸಿದರಂತೆ. ಆಮೇಲೆ ಆ ಕುಟುಂಬಕ್ಕೆ ನೆಲೆ ಎಂಬುದೇ ಇರಲಿಲ್ಲ. ಊರೂರಿಗೆ ಹೋಗಿ ಪುರಾಣ ಹೇಳುವುದು, ದಕ್ಷಿಣೆಯಲ್ಲಿ ಬದುಕುವುದು. ಮನೆಕೆಲಸ ಶುರುವಾಗುವ ಮುಂಚೆ, ನಸುಕಿನಲ್ಲಿ ತಾಯಿಯೇ ಮಗಳಿಗೆ ಪಾಠ ಹೇಳಿದರು. ಭಾಗವತದ ಸಾವಿರಾರು ಶ್ಲೋಕಗಳು ಆ ಹುಡುಗಿಗೆ ಬಾಯಿಪಾಠವಾದವು. ತಿರುಗಾಟದಲ್ಲಿಯೇ ಮರಾಠಿಯ ಜೊತೆಗೆ ಕನ್ನಡ, ಹಿಂದುಸ್ತಾನಿಗಳೂ ಬಂದವು.

1874ರ ಸುಮಾರಿಗೆ ಮದ್ರಾಸ್ ಪ್ರಾಂತದಲ್ಲಿ ಬರ. ಕೈಯಲ್ಲಿದ್ದ ದುಡ್ಡೆಲ್ಲ ದೇವರ ಸೇವೆಗೆ, ದಾನಕ್ಕೆ ಹೋಗಿತ್ತು. ಓದಿದವರು ಕೂಲಿ ಮಾಡಬಾರದು, ಭಿಕ್ಷೆ ಬೇಡಲು ನಾಚಿಕೆ. ಕಾಡಿನ ಎಲೆ ತಿಂದು ನೀರು ಕುಡಿದ ದಿನಗಳನ್ನು ರಮಾಬಾಯಿ ಮುಂದೆ 1897ರಲ್ಲಿ ಬರೆದುಕೊಂಡಿದ್ದಾರೆ. ತಂದೆ ತೀರಿಕೊಂಡರು. ನಡೆದು ನಡೆದು ರಾಯಚೂರಿಗೆ ಬಂದರು, ಅಲ್ಲಿ ಯಾರ ಪರಿಚಯವೂ ಇಲ್ಲ. ಜ್ವರದಲ್ಲಿ ಬಿದ್ದಿದ್ದ ತಾಯಿ ಸಜ್ಜೆ ರೊಟ್ಟಿಯ ಚೂರು ಕೇಳಿದಾಗ, ಹದಿನಾರರ ಮಗಳು ನೆರೆಮನೆಯ ಬಾಗಿಲಲ್ಲಿ ನಿಂತಳು. ಬಾಯಿಬಿಟ್ಟು ಬೇಡಲು ಮಾತೇ ಹೊರಡಲಿಲ್ಲ. ಆ ಮನೆಯಾಕೆ ನೋಡಿಯೇ ಅರ್ಥಮಾಡಿಕೊಂಡು ರೊಟ್ಟಿ ಕೊಟ್ಟರು. ತಾಯಿ ಉಳಿಯಲಿಲ್ಲ. ಶವಕ್ಕೆ ಹೆಗಲು ಕೊಡಲು ಇಬ್ಬರು ಮಾತ್ರ ಬಂದರು. ಅಣ್ಣ ಶ್ರೀನಿವಾಸ ಮೂರನೆಯವರು, ನಾಲ್ಕನೆಯವಳು ರಮೆ. ಕುಳ್ಳಗಿದ್ದುದರಿಂದ ಹೆಗಲಿಗೆ ಎಟುಕದೆ ಚಟ್ಟದ ಭಾರವನ್ನು ತಲೆಯ ಮೇಲೆ ಹೊತ್ತು ಸ್ಮಶಾನಕ್ಕೆ ನಡೆದಳು. ಬರಗಾಲದಲ್ಲಿ ಹೆಣ್ಣುಮಕ್ಕಳನ್ನು ಹುಡುಕಿಕೊಂಡು ಇವರೇಕೆ ಎತ್ತಿನಗಾಡಿಯಲ್ಲಿ ಅಲೆದರು ಎಂದು ಮುಂದೆ ಕೇಳುವವರಿಗೆ ಉತ್ತರ ರಾಯಚೂರಿನಲ್ಲಿದೆ.

ಇಲ್ಲಿಂದ ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ಎಷ್ಟೋ ಪುಸ್ತಕಗಳಲ್ಲಿ ಸಿಗುತ್ತದೆ. 1878ರಲ್ಲಿ ಅಣ್ಣ ತಂಗಿ ಕಲ್ಕತ್ತೆ ಮುಟ್ಟಿದರು. ಅಲ್ಲಿಯ ವಿದ್ವಾಂಸರು ರಮಾಬಾಯಿಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಅಣ್ಣನೂ ತೀರಿಕೊಂಡ ಮೇಲೆ, 1880ರಲ್ಲಿ ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರೊಂದಿಗೆ ನೋಂದಣಿ ಮದುವೆ. ಎರಡು ವರ್ಷ ತುಂಬುವ ಮೊದಲೇ ಕಾಲರಾದಿಂದ ಗಂಡನ ಸಾವು. ಕೈಯಲ್ಲಿ ಮಗಳು ಮನೋರಮಾ. 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಸ್ಥಾಪಿಸಿದರು, ಹಂಟರ್ ಆಯೋಗದ ಮುಂದೆ ಸಾಕ್ಷ್ಯ ನುಡಿದು ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಕೇಳಿದರು. ವೈದ್ಯಕೀಯ ಓದುವ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದುದರಿಂದ ಆ ಓದು ಕೈಗೂಡಲಿಲ್ಲ.

ವಾಂಟೇಜ್ ಎಂಬಲ್ಲಿ ಆಂಗ್ಲಿಕನ್ ಸಿಸ್ಟರ್‌ಗಳ ಮಠದಲ್ಲಿ ಇಳಿದುಕೊಂಡಿದ್ದರು. ಆ ಸಿಸ್ಟರ್‌ಗಳು ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ನಡೆಸುತ್ತಿದ್ದ ಒಂದು ಮನೆಗೆ ಅವರನ್ನು ಕರೆದೊಯ್ದರು. ಸಮಾಜ ‘ಕೆಟ್ಟವಳು’ ಎಂದು ಹೊರಹಾಕಿದ ಹೆಂಗಸರನ್ನು ಅಲ್ಲಿ ಒಳಗೆ ಕರೆದು, ಕೆಲಸ ಕಲಿಸಿ, ಮರ್ಯಾದೆಯಿಂದ ನೋಡಿಕೊಳ್ಳುತ್ತಿದ್ದರು. ಇದೇಕೆ ಹೀಗೆ ಎಂದು ಕೇಳಿದಾಗ, ಬಾವಿಯ ಬಳಿ ಸಮಾರ್ಯದ ಹೆಂಗಸಿನೊಂದಿಗೆ ಯೇಸು ಮಾತಾಡಿದ ಕಥೆಯನ್ನು ಯೋಹಾನನ ಸುವಾರ್ತೆಯಿಂದ ಓದಿ ಹೇಳಿದರು. ಧರ್ಮಶಾಸ್ತ್ರವನ್ನು ಅರೆದು ಕುಡಿದಿದ್ದ ರಮಾಬಾಯಿಯ ಮನಸ್ಸನ್ನು ತಿರುಗಿಸಿದ್ದು ಶಾಸ್ತ್ರದ ವಾದಕ್ಕಿಂತ ಹೆಚ್ಚಾಗಿ ಆ ಮನೆ. ನಂಬಿಕೆಯನ್ನು ಅವರು ಮೊದಲು ಒಂದು ಕೆಲಸವಾಗಿ ಕಂಡರು, ಸಿದ್ಧಾಂತ ಆಮೇಲೆ ಬಂತು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಇಷ್ಟಾದ ಮೇಲೆ ಮಠದವರು ಹೇಳಿದಂತೆ ಕೇಳಿಕೊಂಡು ಇದ್ದರೇ? ಇಲ್ಲ. ಸಿಸ್ಟರ್ ಜೆರಾಲ್ಡೀನ್ ಅವರೊಂದಿಗೆ ನಡೆದ ಪತ್ರವ್ಯವಹಾರ ಪ್ರಕಟವಾಗಿದೆ, ನಮ್ಮ ಹೆಣ್ಣುಮಕ್ಕಳು ಒಮ್ಮೆ ಓದಬೇಕಾದ್ದು. ತ್ರಿಯೇಕತ್ವದ ಬಗ್ಗೆ ಪ್ರಶ್ನೆ, ಪಾದ್ರಿಗಳ ಅಧಿಕಾರದ ಬಗ್ಗೆ ಪ್ರಶ್ನೆ. ಒಂದು ಪುರೋಹಿತರ ನೊಗವನ್ನು ಕಷ್ಟಪಟ್ಟು ಕಳಚಿ ಬಂದವಳು ಇನ್ನೊಂದಕ್ಕೆ ಕೊರಳು ಕೊಡುವುದಿಲ್ಲ ಎಂಬ ಅರ್ಥದಲ್ಲಿ ಖಡಾಖಂಡಿತವಾಗಿ ಬರೆದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಏಕೆ, ನಮಗೆ ಸಂಸ್ಕೃತ ಇಲ್ಲವೇ ಎಂದರು. ಮಾಂಸ ಮುಟ್ಟಲಿಲ್ಲ, ಮೊಟ್ಟೆ ಹಾಕಿದ ಪುಡಿಂಗ್ ಕೂಡ ಬೇಡವೆಂದರು. ಮಠದವರಿಗೆ ಅದು ಹಳೆಯ ಜಾತಿಯ ಹಮ್ಮಿನಂತೆ ಕಂಡಿತು. ಇರಬಹುದು, ಪೂರ್ತಿ ಅಲ್ಲಗಳೆಯಲು ನನಗೂ ಆಗದು. ಆದರೆ ಕ್ರಿಸ್ತನನ್ನು ನಂಬುವುದಕ್ಕೂ ಇಂಗ್ಲಿಷರ ಊಟ ಉಣ್ಣುವುದಕ್ಕೂ ಸಂಬಂಧವಿಲ್ಲವೆಂದು 25 ವರ್ಷದ ಪರಾಶ್ರಿತ ಹೆಂಗಸೊಬ್ಬಳು, ತನಗೆ ಅನ್ನ ಹಾಕುತ್ತಿದ್ದವರಿಗೇ ಹೇಳಿದಳಲ್ಲ! ಕೊನೆಯವರೆಗೂ ಅವರು ಉಟ್ಟದ್ದು ಬಿಳಿ ಸೀರೆ.

1886ರಲ್ಲಿ ಆನಂದೀಬಾಯಿ ಜೋಶಿಯವರು ವೈದ್ಯೆಯಾಗಿ ಪದವಿ ಪಡೆಯುವುದನ್ನು ನೋಡಲು ಫಿಲಡೆಲ್ಫಿಯಾಕ್ಕೆ ಹೋದರು. ಮರುವರ್ಷ ಮೇಲ್ಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿ, ಅದನ್ನು ತಾಯಿ ಲಕ್ಷ್ಮೀಬಾಯಿಗೆ ಅರ್ಪಿಸಿದರು. ಅಲ್ಲಿ ಸೇರಿದ ಹಣದಿಂದ 1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನ ತೆರೆಯಿತು. ಬಾಲವಿಧವೆಯರಿಗೆ ಶಾಲೆ ಮತ್ತು ವಸತಿ. ಅಲ್ಲಿಗೆ ಮೊದಲು ಬಂದ ವಿಧವೆ ಗೋದೂಬಾಯಿ. ಆಕೆ ಮುಂದೆ ಧೋಂಡೊ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದೀಬಾಯಿ ಕರ್ವೆಯಾದರು. ಕರ್ವೆಯವರ ಹಿಂಗಣೆಯ ಆಶ್ರಮ, ಅಲ್ಲಿಂದ ಬೆಳೆದ ಮಹಿಳಾ ವಿಶ್ವವಿದ್ಯಾಲಯ ನಮಗೆಲ್ಲ ಗೊತ್ತಿದ್ದದ್ದೇ.

ಸದನದಲ್ಲಿ ಮತ ಬೋಧನೆ ಇಲ್ಲ ಎಂಬುದು ಮೊದಲಿನ ಕರಾರು. ರಾನಡೆ, ಭಂಡಾರ್ಕರ್ ಅಂಥವರು ಸಲಹಾ ಮಂಡಳಿಯಲ್ಲಿದ್ದರು. ಹುಡುಗಿಯರು ತಮ್ಮ ಪೂಜೆ ತಾವು ಮಾಡಿಕೊಳ್ಳಬಹುದಿತ್ತು. ರಮಾಬಾಯಿ ಬೆಳಿಗ್ಗೆ ತಮ್ಮ ಕೋಣೆಯಲ್ಲಿ ಮಗಳೊಂದಿಗೆ ಪ್ರಾರ್ಥಿಸುತ್ತಿದ್ದರು, ಬಾಗಿಲು ಹಾಕುತ್ತಿರಲಿಲ್ಲ. ತೆರೆದ ಬಾಗಿಲಲ್ಲಿ ಕೆಲವು ಹುಡುಗಿಯರು ಬಂದು ಕುಳಿತರು. ಸದನ ಪುಣೆಗೆ ಬಂದ ಮೇಲೆ ಇದೇ ದೊಡ್ಡ ಗಲಾಟೆಯಾಯಿತು. ಕೇಸರಿ ಪತ್ರಿಕೆ ಹರಿಹಾಯ್ದಿತು. 1893ರಲ್ಲಿ ಸಲಹಾ ಮಂಡಳಿಯವರು ಬಿಟ್ಟುಹೋದರು, ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಕರೆದೊಯ್ದರು.

ಯಾರದು ಸರಿ? ನನ್ನ ಮಟ್ಟಿಗೆ ಎರಡೂ ಕಡೆ ಹುರುಳಿದೆ. ಆಸರೆಗೆಂದು ಬಂದ ಹನ್ನೆರಡರ ಹುಡುಗಿಗೆ, ಆಸರೆ ಕೊಟ್ಟ ಅಮ್ಮನ ದೇವರು ಹತ್ತಿರವಾಗುವುದರಲ್ಲಿ ಆಶ್ಚರ್ಯವಿಲ್ಲ. ಅದನ್ನು ಪೂರ್ತಿ ಸ್ವತಂತ್ರ ಆಯ್ಕೆ ಎನ್ನುವುದು ಕಷ್ಟ. ಹೆತ್ತವರ ಆತಂಕ ಸುಳ್ಳಲ್ಲ. ಇನ್ನೊಂದು ಕಡೆ, ತಾನು ನಂಬಿದ್ದನ್ನು ತನ್ನ ಮನೆಯಲ್ಲೇ ಕದ್ದುಮುಚ್ಚಿ ಮಾಡು ಎಂದು ಯಾರಿಗಾದರೂ ಹೇಳುವುದು ಹೇಗೆ? ಅದಕ್ಕಿಂತ ನನಗೆ ಕಾಡುವುದು ಬೇರೆ ವಿಷಯ. ಅಂದು ಮನೆಗೆ ಮರಳಿದ ಹುಡುಗಿಯರಲ್ಲಿ ಎಷ್ಟು ಜನರ ಓದು ಅಲ್ಲಿಗೇ ನಿಂತಿತೋ, ಅದರ ಬಗ್ಗೆ ಎರಡೂ ಕಡೆಯವರ ಜಗಳದಲ್ಲಿ ಮಾತೇ ಇಲ್ಲ.

1896ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿತ್ತು. ರಮಾಬಾಯಿ ಪರಿಹಾರ ಶಿಬಿರಗಳನ್ನು ಕಣ್ಣಾರೆ ನೋಡಿದರು. ಒಂಟಿ ಹುಡುಗಿಯರನ್ನು ಪುಸಲಾಯಿಸಿ ಒಯ್ಯುವವರು ಅಲ್ಲಿ ಸುತ್ತುತ್ತಿದ್ದರು. ಸುಮಾರು 300 ಹೆಣ್ಣುಮಕ್ಕಳನ್ನು ಅವರು ಕರೆತಂದರು. ಅಷ್ಟರಲ್ಲಿ ಪುಣೆಯಲ್ಲಿ ಪ್ಲೇಗ್. ಅಷ್ಟು ಜನರನ್ನು ಊರೊಳಗೆ ಇಟ್ಟುಕೊಳ್ಳುವಂತಿಲ್ಲ. ಸದನದ ಖರ್ಚಿಗೆ ಆದಾಯ ಬರಲೆಂದು ಕೇಡಗಾಂವಿನಲ್ಲಿ ಹಣ್ಣಿನ ತೋಟದ ಜಮೀನು ಕೊಂಡಿದ್ದರು. ಅಲ್ಲಿಯೇ ಡೇರೆ, ಗುಡಿಸಲು ಹಾಕಿದರು. ಬಾವಿ ತೋಡಿಸಿದರು. ಇದೇ ಪ್ಲೇಗಿನ ಕಾಲದಲ್ಲಿ, ಸರ್ಕಾರಿ ಶಿಬಿರಗಳಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆಯಿಲ್ಲವೆಂದು ‘ಬಾಂಬೆ ಗಾರ್ಡಿಯನ್’ ಪತ್ರಿಕೆಗೆ ಬರೆದರು. ವಿಷಯ ಬ್ರಿಟಿಷ್ ಪಾರ್ಲಿಮೆಂಟಿನವರೆಗೆ ಹೋಯಿತು. ಕ್ರೈಸ್ತರಾದವರು ಆಳುವವರ ಪರ ಎಂದು ಸಲೀಸಾಗಿ ಹೇಳುವವರು ಈ ಪತ್ರವನ್ನು ಮರೆಯುತ್ತಾರೆ.

1898ರ ನಂತರ ಮುಕ್ತಿ ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆಯಾಯಿತು, ತಟಸ್ಥ ಎಂಬ ಮಾತು ಅಲ್ಲಿಗೆ ಮುಗಿಯಿತು. 1900ರಲ್ಲಿ ಗುಜರಾತಿನ ಬರದಿಂದಲೂ ಹೆಣ್ಣುಮಕ್ಕಳು ಬಂದರು. ಆ ಹೊತ್ತಿಗೆ ಅಲ್ಲಿ 1,500 ಜನ, ನೂರಕ್ಕೂ ಹೆಚ್ಚು ದನಕರು. ಒಂದು ಅಪಾರ್ಟ್‌ಮೆಂಟಿನ ಗಣೇಶ ಹಬ್ಬಕ್ಕೆ ಮುನ್ನೂರು ಜನರ ಊಟ ಏರ್ಪಡಿಸಿ ಸುಸ್ತಾಗುವ ನಮಗೆ, ದಿನವೂ ಎರಡು ಹೊತ್ತು 1,500 ಎಲೆ ಎಂದರೆ ಏನೆಂದು ಗೊತ್ತಾಗುತ್ತದೆ. ಧಾನ್ಯ ಬೀಸುವುದು, ಅಡುಗೆ, ಹಾಲು ಕರೆಯುವುದು, ಎಣ್ಣೆ ಗಾಣ, ನೇಯ್ಗೆ, ಬಟ್ಟೆ ಒಗೆಯುವುದು, ತೋಟ, ಶಾಲೆ ಎಲ್ಲವನ್ನೂ ಹೆಂಗಸರೇ ನೋಡಿಕೊಂಡರು. ಕಣ್ಣಿಲ್ಲದವರಿಗೆ ಬ್ರೈಲ್ ಕಲಿಸಿದರು. ಫುಲ್‌ಹ್ಯಾಮ್‌ನಲ್ಲಿ ಕಂಡಂಥದೇ ಮನೆಯನ್ನು ‘ಕೃಪಾ ಸದನ’ ಎಂಬ ಹೆಸರಿನಲ್ಲಿ ಇಲ್ಲಿಯೂ ತೆರೆದರು. 1905ರ ಸುಮಾರಿಗೆ ಮುಕ್ತಿಯಲ್ಲಿ ನಡೆದ ಪ್ರಾರ್ಥನೆಯ ಜಾಗೃತಿ ಹೊರದೇಶಗಳಲ್ಲೂ ಹೆಸರಾಯಿತು, ಚರ್ಚ್ ಚರಿತ್ರೆಯವರು ಅದರ ಬಗ್ಗೆಯೇ ಹೆಚ್ಚು ಬರೆಯುತ್ತಾರೆ. ನನಗೆ ಆ ಗಾಣ, ಆ ಪ್ರೆಸ್ ಹೆಚ್ಚು ಮಾತಾಡುತ್ತವೆ.

ಹೌದು, ಪ್ರೆಸ್. ಆಗ ಬಳಕೆಯಲ್ಲಿದ್ದ ಮರಾಠಿ ಬೈಬಲ್ ರಮಾಬಾಯಿಗೆ ಒಪ್ಪಿಗೆಯಾಗಲಿಲ್ಲ. ಸಂಸ್ಕೃತದ ಭಾರವಾದ ಪದಗಳು, ಅವುಗಳಿಗೆ ಅಂಟಿಕೊಂಡ ಹಳೆಯ ತತ್ತ್ವಶಾಸ್ತ್ರದ ಅರ್ಥಗಳು. ಹಳ್ಳಿಯಿಂದ ಬಂದು ಈಗಷ್ಟೇ ಅಕ್ಷರ ಕಲಿತ ಹೆಂಗಸಿಗೆ ಅದು ತಿಳಿಯುವುದೆಂತು? ಸಂಸ್ಕೃತವೇ ಉಸಿರಾಗಿದ್ದವರು ಸಂಸ್ಕೃತ ಬಿಟ್ಟು ಆಡುಮಾತಿಗೆ ಬಂದದ್ದು ಗಮನಿಸಬೇಕಾದ್ದು. ಇದಕ್ಕಾಗಿ ನಡುವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತು ಮೂಲದಿಂದಲೇ ಅನುವಾದಕ್ಕೆ ಕುಳಿತರು. ಹದಿನೈದು ವರ್ಷಕ್ಕೂ ಮೀರಿ ಹಿಡಿಯಿತು. ಅಚ್ಚುಮೊಳೆ ಜೋಡಿಸಿದವರು, ಮುದ್ರಿಸಿದವರು ಮುಕ್ತಿಯ ಹೆಂಗಸರೇ. ಬರಗಾಲದಲ್ಲಿ ಎಲ್ಲಿಂದಲೋ ಎತ್ತಿಕೊಂಡು ಬಂದ ಮಕ್ಕಳು ಬೆಳೆದು ಅಕ್ಷರ ಜೋಡಿಸುವ ಕಂಪೋಸಿಟರ್‌ಗಳಾಗಿದ್ದರು. ದಿನವಿಡೀ ಕೀಬೋರ್ಡಿನ ಮುಂದೆ ಕುಳಿತು ದುಡಿಯುವ ನಮ್ಮಂಥವರಿಗೆ ಅವರನ್ನು ಹಿರಿಯ ಸಹೋದ್ಯೋಗಿಗಳೆಂದು ಕರೆಯಬೇಕೆನಿಸುತ್ತದೆ.

ಅವರ ಕೆಲಸ ಕನ್ನಡನಾಡಿಗೂ ಮರಳಿ ಬಂತು. 1912ರಲ್ಲಿ, ಆಗ ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಕಲಬುರಗಿಯಲ್ಲಿ ರಮಾಬಾಯಿ ಕ್ರೈಸ್ತ ಹೈಸ್ಕೂಲ್ ತೆರೆದರು. ಮನೋರಮಾ ಅದರ ಪ್ರಾಂಶುಪಾಲೆಯಾದರು. ತಾಯಿಯನ್ನು ಕಳೆದುಕೊಂಡ ರಾಯಚೂರಿನ ಸೀಮೆಯೂ ಅದೇ ಸಂಸ್ಥಾನದ್ದು. ಹೆಣ್ಣುಮಕ್ಕಳ ಓದು ತೀರ ಹಿಂದಿದ್ದ ಆ ಭಾಗವನ್ನು ಆರಿಸಿಕೊಳ್ಳಲು ರಾಯಚೂರಿನ ನೆನಪೂ ಕಾರಣವಾಗಿತ್ತೇ ಎಂಬುದು ನನ್ನ ಊಹೆ ಮಾತ್ರ.

ಮುಕ್ತಿಯನ್ನು ಮುಂದೆ ನೋಡಿಕೊಳ್ಳಬೇಕಾಗಿದ್ದವರು ಮನೋರಮಾ. 1921ರಲ್ಲಿ ಅವರೇ ತೀರಿಕೊಂಡರು. ಹೆತ್ತವರನ್ನು, ಅಣ್ಣನನ್ನು, ಗಂಡನನ್ನು ಕಳೆದುಕೊಂಡಿದ್ದ ರಮಾಬಾಯಿಗೆ ಈಗ ಮಗಳೂ ಇಲ್ಲ. ಉಳಿದ ತಿಂಗಳುಗಳಲ್ಲಿ ಅವರು ಮಾಡಿದ್ದು ಬೈಬಲಿನ ಕೊನೆಯ ಪ್ರೂಫ್ ತಿದ್ದುವ ಕೆಲಸ. ಅದು ಮುಗಿಯುತ್ತಿದ್ದಂತೆಯೇ 1922ರ ಏಪ್ರಿಲ್ 5ರಂದು ಕೇಡಗಾಂವಿನಲ್ಲಿಯೇ ಕಣ್ಣುಮುಚ್ಚಿದರು. ಪೂರ್ತಿ ಬೈಬಲ್ ಮುಕ್ತಿಯ ಪ್ರೆಸ್ಸಿನಿಂದ ಹೊರಬಂದದ್ದು ಅವರು ಹೋದ ಮೇಲೆ.