ಸಂದರ್ಶನದ ಅಂಕ ಮತ್ತು ವಶೀಲಿ: 1963ರ ಮೈಸೂರು ಆದೇಶದ ಮರುಓದು

ಮೆಡಿಕಲ್ ಸೀಟಿನ ಮಾತು ಬಂದರೆ ನಮ್ಮಲ್ಲಿ ಎರಡು ಪದಗಳು ಜೋಡಿಯಾಗಿಯೇ ಬರುತ್ತವೆ: ಡೊನೇಷನ್, ವಶೀಲಿ. ರೇಖಾ ಕೌಲ್ 1993ರಲ್ಲಿ ಪ್ರಕಟಿಸಿದ ಅಧ್ಯಯನ ಕರ್ನಾಟಕದ ಕ್ಯಾಪಿಟೇಷನ್ ಶುಲ್ಕವನ್ನು ಜಾತಿ, ವರ್ಗ, ರಾಜಕಾರಣಗಳ ಹೆಣಿಗೆಯಾಗಿ ಕಂಡಿತು. ಅದರ ಬಹುಪಾಲನ್ನು ಒಪ್ಪಿಯೇ ಮುಂದುವರಿಯುತ್ತೇನೆ. 1984ರ ನಿಷೇಧ ಕಾಯ್ದೆ, 1992ರ ಮೋಹಿನಿ ಜೈನ್ ತೀರ್ಪು, ಮರುವರ್ಷದ ಉನ್ನಿಕೃಷ್ಣನ್ ತೀರ್ಪು, ಆಮೇಲೆ ಸಿಇಟಿ, ನೀಟ್: ಈ ದಾರಿ ಎಲ್ಲರೂ ಬಲ್ಲದ್ದೇ. ನನ್ನ ತಕರಾರು ಒಂದೇ ಕಡೆ. ನಂತರದ ಚರ್ಚೆಗಳು ವಶೀಲಿಯನ್ನು ಡೊನೇಷನ್ನಿನ ಬಾಲವೆಂದು ತಿಳಿದುಬಿಟ್ಟವು. ದುಡ್ಡಿನ ಸೀಟು ದೊಡ್ಡ ವಿವಾದವಾಗುವುದಕ್ಕೆ ಎರಡು ದಶಕ ಮೊದಲೇ ವಶೀಲಿಗೆ ಸರ್ಕಾರಿ ಕಾಗದದಲ್ಲೇ ಜಾಗವಿತ್ತು ಎಂಬುದು ನನ್ನ ವಾದ.

ಆಧಾರ, ಸುಪ್ರೀಂ ಕೋರ್ಟಿನ 1964ರ ಆರ್. ಚಿತ್ರಲೇಖಾ ವಿರುದ್ಧ ಮೈಸೂರು ರಾಜ್ಯ ತೀರ್ಪು. ಮೀಸಲಾತಿಯ ಇತಿಹಾಸ ಬರೆಯುವವರು ಇದನ್ನು ತಪ್ಪದೆ ಉಲ್ಲೇಖಿಸುತ್ತಾರೆ. ಅದರೊಳಗಿನ ಸಂದರ್ಶನದ ಭಾಗವನ್ನು ಮಾತ್ರ ಸರಸರನೆ ದಾಟಿಹೋಗುತ್ತಾರೆ. 1963ರಲ್ಲಿ ಮೈಸೂರು ಸರ್ಕಾರ ವೈದ್ಯಕೀಯ, ಎಂಜಿನಿಯರಿಂಗ್ ಪ್ರವೇಶಕ್ಕೆ ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟನ್ನು ಸಂದರ್ಶನಕ್ಕೆ ಇಟ್ಟಿತು. ಅಳೆಯಬೇಕಾದದ್ದು ಐದು: ಸಾಮಾನ್ಯ ಜ್ಞಾನ, ಸಹಜ ಸಾಮರ್ಥ್ಯ ಮತ್ತು ವ್ಯಕ್ತಿತ್ವ, ಹಿಂದಿನ ಓದಿನ ಸಾಧನೆ, ಎನ್‌ಸಿಸಿ, ಪಠ್ಯೇತರ ಚಟುವಟಿಕೆ. ಕೊನೆಯ ಮೂರಕ್ಕೆ ಸರ್ಟಿಫಿಕೇಟು ತೋರಿಸಬಹುದು, ಮೊದಲನೆಯದನ್ನು ಪ್ರಶ್ನೆ ಕೇಳಿ ತಿಳಿಯಬಹುದು. ವ್ಯಕ್ತಿತ್ವಕ್ಕೆ ಯಾವ ಕಾಗದ?

ಲೆಕ್ಕ ಹಾಕಿ ನೋಡೋಣ. ಐಚ್ಛಿಕ ವಿಷಯಗಳಿಗೆ ಒಟ್ಟು 300 ಅಂಕವೆಂದರೆ ಸಂದರ್ಶನಕ್ಕೆ 75. ಒಬ್ಬ 240, ಇನ್ನೊಬ್ಬ 190 ತೆಗೆದಿದ್ದಾರೆ ಎನ್ನಿ. ಸಂದರ್ಶನದಲ್ಲಿ ಮೊದಲಿನವನಿಗೆ 15, ಎರಡನೆಯವನಿಗೆ 66 ಬಿದ್ದರೆ ವರ್ಷದ ಓದೆಲ್ಲ ಒಂದೇ ಕೋಣೆಯಲ್ಲಿ ತಲೆಕೆಳಗು. ಸಂದರ್ಶನ ನಡೆದ ರೀತಿ ಆದೇಶಕ್ಕೆ ಹೊಂದಿಲ್ಲವೆಂದು ಮೈಸೂರು ಹೈಕೋರ್ಟೇ ಕಂಡುಕೊಂಡಿತ್ತು. ಆದರೆ ಸಂದರ್ಶನ ಪದ್ಧತಿಯೇ ಸಮಾನತೆಗೆ ವಿರುದ್ಧವೆಂಬ ವಾದವನ್ನು ನ್ಯಾಯಮೂರ್ತಿ ಸುಬ್ಬರಾವ್ ಬರೆದ ಬಹುಮತದ ತೀರ್ಪು ಒಪ್ಪಲಿಲ್ಲ. ಅಧಿಕಾರ ದುರ್ಬಳಕೆಯಾದರೆ ಆ ದುರ್ಬಳಕೆಯನ್ನು ತಿದ್ದಬೇಕು, ಆದೇಶವನ್ನೇ ರದ್ದುಮಾಡಲಾಗದು ಎಂಬುದು ಅದರ ನಿಲುವು.

ಇಲ್ಲೇ ನನ್ನ ಭಿನ್ನಾಭಿಪ್ರಾಯ. ವಶೀಲಿ ನಡೆಯಲು ದುರ್ಬಳಕೆ ಬೇಕೇಬೇಕೆಂದಿಲ್ಲ. ಬಾಗಿಲು ದಾಟಿ ಬಂದ ಹುಡುಗನಿಗೆ ನಮ್ಮ ಹಿರಿಯರು ಕೇಳುವ ಮೊದಲ ಪ್ರಶ್ನೆಯೇ ‘ಯಾವೂರು, ಯಾರ ಪೈಕಿ?’ ಉತ್ತರ ಪರಿಚಿತವಾದರೆ ಮುಖ ಅರಳುತ್ತದೆ; ಮುಖ ಅರಳಿಸಿದವನ ವ್ಯಕ್ತಿತ್ವಕ್ಕೆ ನಾಲ್ಕು ಅಂಕ ಹೆಚ್ಚು ಬೀಳುವುದು ಲಂಚವೂ ಅಲ್ಲ, ಮೋಸವೆಂದು ಕೊಟ್ಟವನಿಗೆ ಅನಿಸುವುದೂ ಇಲ್ಲ. ಇದು ಬರೀ ಊಹೆಯಲ್ಲ ಎನ್ನಲು 1981ರ ಅಜಯ್ ಹಾಸಿಯಾ ಪ್ರಕರಣವಿದೆ. ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎರಡು ಮೂರು ನಿಮಿಷದ ಸಂದರ್ಶನದಲ್ಲಿ ತಂದೆತಾಯಿ, ವಾಸಸ್ಥಳವನ್ನಷ್ಟೇ ಕೇಳಿದರೆಂಬುದು ಅಲ್ಲಿನ ಅರ್ಜಿದಾರರ ದೂರು. ಸಂದರ್ಶನಕ್ಕೆ ಶೇ. 15ಕ್ಕಿಂತ ಹೆಚ್ಚು ಅಂಕ ಇಡುವುದು ಸ್ವೇಚ್ಛೆಯೆಂದು ಕೋರ್ಟು ಆಗ ಹೇಳಿತು.

ಹಾಗಾದರೆ ನಮ್ಮ ಕಲಬುರಗಿಯವರು 1963ರ ಆ ಸಂದರ್ಶನದ ಕೋಣೆಗೆ ಅಪರಿಚಿತರಾಗಿಯೇ ಹೋದರೇ? ಇದನ್ನು ಅಳುಕಿನಿಂದಲೇ ಹೇಳುತ್ತೇನೆ. 1956ರವರೆಗೆ ಈ ಜಿಲ್ಲೆಯ ಪರಿಚಯಗಳೆಲ್ಲ ಹೈದರಾಬಾದಿನ ಕಚೇರಿಗಳಲ್ಲಿದ್ದವು. ಶಿಫಾರಸು, ವಶೀಲಿ ಎಂಬ ಮಾತುಗಳೇ ಪಾರ್ಸಿ, ಅರಬ್ಬಿಯಿಂದ ಬಂದವು. ರಾಜ್ಯ ಬದಲಾಗಿ ಏಳೇ ವರ್ಷಕ್ಕೆ ಬೆಂಗಳೂರು, ಮೈಸೂರಿನವರ ಮುಂದೆ ‘ಯಾರ ಪೈಕಿ’ ಎಂಬುದಕ್ಕೆ ಇಲ್ಲಿನ ಹುಡುಗನ ಬಳಿ ಉತ್ತರವಿದ್ದೀತೇ? ಅದೇ 1963ರಲ್ಲಿ ಇಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಶುರುವಾದದ್ದನ್ನು ಈ ಹಿನ್ನೆಲೆಯಲ್ಲೂ ಓದಬಹುದು. ‘ಓದಬಹುದು’ ಎಂದಷ್ಟೇ ಹೇಳುತ್ತಿದ್ದೇನೆ; ಕಾಲೇಜು ಹುಟ್ಟಲು ಅದೇ ಕಾರಣವೆಂದಲ್ಲ, ಯಾವುದೇ ಸಮಿತಿ ಪಕ್ಷಪಾತ ಮಾಡಿತೆಂದೂ ಅಲ್ಲ. ತೀರ್ಪಿನಿಂದ ಸಿದ್ಧವಾಗುವುದು ವಶೀಲಿಗಿದ್ದ ಅವಕಾಶ ಮಾತ್ರ.

ಡೊನೇಷನ್ ಬೇರೆ ಜಾತಿಯದು ಎಂಬುದಕ್ಕೆ ಮೋಹಿನಿ ಜೈನ್ ಪ್ರಕರಣದ 1989ರ ಅಧಿಸೂಚನೆ ನೋಡಿದರೆ ಸಾಕು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000. ದರ ಅಚ್ಚಾದ ಮೇಲೆ ‘ಯಾರ ಪೈಕಿ’ ಎಂದು ಕೇಳುವ ಅಗತ್ಯವೇ ಕಡಿಮೆ. ಬೆಲೆ ಕಟ್ಟಿದ ಸೀಟಿನಲ್ಲಿ ಬಡವ ಹೊರಗುಳಿದ. ಸಂದರ್ಶನದ ಸೀಟಿನಲ್ಲಿ ಅಪರಿಚಿತ ಹೊರಗುಳಿಯಬಹುದಿತ್ತು. ಇಬ್ಬರೂ ಹಲವು ಸಲ ಒಬ್ಬನೇ ಆಗಿದ್ದಿರಬಹುದು. ಎರಡನ್ನೂ ಒಂದೇ ಎಂದುಕೊಳ್ಳಲು ಅದೇ ಕಾರಣವಾಗಿರಬೇಕು.

ಸಿಇಟಿ, ನೀಟ್ ಬಂದ ಮೇಲೆ ಸಂದರ್ಶನದ ಕೋಣೆ ಮುಚ್ಚಿತು. ಸಂವಿಧಾನದ 371(ಜೆ) ವಿಧಿಯ ಅಡಿ ಈ ಭಾಗದ ಕಾಲೇಜುಗಳಲ್ಲಿ ಶೇ. 70 ಸೀಟು ಸ್ಥಳೀಯರಿಗೇ ಬಂತು. ಆದರೂ ಕೌನ್ಸೆಲಿಂಗ್ ದಿನಗಳಲ್ಲಿ ಜೇವರ್ಗಿ ಕಾಲೋನಿಯ ಒಂದು ಮನೆಯ ಪಡಸಾಲೆಯಲ್ಲಿ ನಾನು ಕೇಳಿದ ಪ್ರಶ್ನೆ ಹಳೆಯದೇ. ಕಮಲಾಪುರದಿಂದ ಬಸ್ಸಿಗೆ ಬಂದ ತಂದೆ, ಮಗಳ ರ‍್ಯಾಂಕ್ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು, ‘ಒಳಗ ಯಾರರೆ ನಮ್ಮೋರು ಅದಾರೇನ್ರಿ?’ ಎಂದರು. ಮನೆಯ ಡಾಕ್ಟರು ಒಳಗೆ ಯಾರೂ ಬೇಕಿಲ್ಲವೆಂದು ಹೇಳಿ, ಆಪ್ಷನ್ ಎಂಟ್ರಿಯಲ್ಲಿ ಯಾವ ಕಾಲೇಜನ್ನು ಮೊದಲು ಹಾಕಬೇಕು, ಯಾವ ಸುತ್ತಿನವರೆಗೆ ಕಾಯಬೇಕು ಎಂದು ಅರ್ಧ ಗಂಟೆ ಬರೆದುಕೊಟ್ಟರು. ಡಾಕ್ಟರ ಪರಿಚಯವಿಲ್ಲದ ಇನ್ನೊಬ್ಬ ತಂದೆಗೆ ಆ ಹಾಳೆ ಸಿಗದು. ಅದನ್ನು ವಶೀಲಿ ಎನ್ನಬೇಕೇ, ಬರೀ ನೆರವು ಎನ್ನಬೇಕೇ ಎಂಬುದನ್ನು ಈ ಲೇಖನ ಬಗೆಹರಿಸಿಲ್ಲ.