ಮೆಫೆಡ್ರೋನ್

ಮೆಫೆಡ್ರೋನ್ ಎಂಬುದು ಕ್ಯಾಥಿನೋನ್ ವರ್ಗಕ್ಕೆ ಸೇರಿದ, ಕೃತಕವಾಗಿ ತಯಾರಿಸಲಾಗುವ ಒಂದು ಉತ್ತೇಜಕ ಮಾದಕ ವಸ್ತು. ಇದರ ರಾಸಾಯನಿಕ ಹೆಸರು 4-ಮೀಥೈಲ್‌ಮೆಥ್‌ಕ್ಯಾಥಿನೋನ್. ಬ್ರಿಟನ್ನಿನಲ್ಲಿ ಇದು 'ಮಿಯಾವ್ ಮಿಯಾವ್', 'ಎಂ-ಕ್ಯಾಟ್' ಎಂಬ ಹೆಸರುಗಳಿಂದಲೂ ಮುಂಬಯಿಯಲ್ಲಿ 'ಎಂಡಿ' ಎಂಬ ಹೆಸರಿನಿಂದಲೂ ಪರಿಚಿತವಾಗಿದೆ. ಸಾಮಾನ್ಯವಾಗಿ ಬಿಳಿಯ ಅಥವಾ ತುಸು ಹಳದಿ ಛಾಯೆಯ ಪುಡಿಯಾಗಿ ಇಲ್ಲವೇ ಹರಳುಗಳಾಗಿ ದೊರೆಯುತ್ತದೆ. 'ಎಂಡಿ' ಎಂಬ ಹೆಸರಿನಿಂದಾಗಿ ಇದನ್ನು ಎಂಡಿಎಂಎ, ಅಂದರೆ ಎಕ್ಸ್‌ಟಸಿ, ಎಂದು ಭಾವಿಸುವುದುಂಟು. ಇವೆರಡೂ ಬೇರೆ ಬೇರೆ ವಸ್ತುಗಳು.

ಮೂಲ

ಕ್ಯಾಥಿನೋನ್ ನಿಸರ್ಗದಲ್ಲಿಯೇ ದೊರೆಯುವ ವಸ್ತು. ಇಥಿಯೋಪಿಯ, ಸೊಮಾಲಿಯ, ಯೆಮನ್ ಮೊದಲಾದ ದೇಶಗಳ ಜನರು ಬಹುಕಾಲದಿಂದ ಅಗಿಯುತ್ತ ಬಂದಿರುವ ಖಾತ್ ಎಂಬ ಗಿಡದ ಎಳೆಯ ಎಲೆಗಳಲ್ಲಿ ಇದು ಇರುತ್ತದೆ. ಎಲೆ ಬಾಡಿದಂತೆ ಕ್ಯಾಥಿನೋನ್ ಕ್ಷೀಣಿಸುವುದರಿಂದ ಖಾತ್ ಕಟ್ಟುಗಳನ್ನು ಬಾಳೆಎಲೆಯಲ್ಲಿ ಸುತ್ತಿ ಬೇಗನೆ ಮಾರುಕಟ್ಟೆಗೆ ಸಾಗಿಸುವ ರೂಢಿಯಿದೆ. ಈ ಅಣುವಿನ ರಚನೆಯಲ್ಲಿ ಅಲ್ಪಸ್ವಲ್ಪ ಬದಲಾವಣೆ ಮಾಡಿ ಪಡೆದ ಕೃತಕ ವಸ್ತುಗಳಲ್ಲಿ ಮೆಫೆಡ್ರೋನ್ ಒಂದು. ಇದೇ ಕುಟುಂಬದ ಬುಪ್ರೊಪಿಯಾನ್, ಖಿನ್ನತೆಯ ಚಿಕಿತ್ಸೆಗೂ ಧೂಮಪಾನ ಬಿಡಿಸುವುದಕ್ಕೂ ಬಳಕೆಯಲ್ಲಿರುವ ಔಷಧಿಯಾಗಿದೆ. ಆದ್ದರಿಂದ ರಚನೆಯ ಸಾಮ್ಯವನ್ನಷ್ಟೇ ನೋಡಿ ಒಂದು ವಸ್ತುವಿನ ಗುಣಾವಗುಣಗಳನ್ನು ನಿರ್ಧರಿಸಲಾಗದು.

ಇತಿಹಾಸ

ಮೆಫೆಡ್ರೋನ್ ತಯಾರಿಕೆಯ ಮೊದಲ ವರದಿ 1929ರಲ್ಲಿ ಫ್ರೆಂಚ್ ರಸಾಯನಶಾಸ್ತ್ರ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅನಂತರ ಸುಮಾರು ಮುಕ್ಕಾಲು ಶತಮಾನ ಕಾಲ ಅದನ್ನು ಕೇಳುವವರೇ ಇರಲಿಲ್ಲ. 2003ರಲ್ಲಿ ಗುಪ್ತನಾಮದ ರಸಾಯನಜ್ಞನೊಬ್ಬ ಇದರ ತಯಾರಿಕೆಯನ್ನು ಅಂತರಜಾಲದಲ್ಲಿ ಬಹಿರಂಗಪಡಿಸಿದನು. 2007ರ ಹೊತ್ತಿಗೆ ಮಾರಾಟ ಆರಂಭವಾಗಿತ್ತು. ಆಗಿನ ಬಹುತೇಕ ದೇಶಗಳ ನಿಷೇಧಿತ ಪಟ್ಟಿಗಳಲ್ಲಿ ಇದರ ಹೆಸರಿರಲಿಲ್ಲ. ಮಾರಾಟಗಾರರು ಪೊಟ್ಟಣಗಳ ಮೇಲೆ 'ಗಿಡಗಳ ಗೊಬ್ಬರ', 'ಸ್ನಾನದ ಲವಣ', 'ಮನುಷ್ಯರ ಸೇವನೆಗಲ್ಲ' ಎಂದು ಮುದ್ರಿಸಿ ಕಾನೂನಿನಿಂದ ನುಣುಚಿಕೊಳ್ಳುತ್ತಿದ್ದರು. ಕೊಳ್ಳುವವರಾರೂ ಅದನ್ನು ಗಿಡಕ್ಕೆ ಹಾಕುತ್ತಿರಲಿಲ್ಲವೆಂಬುದು ಎಲ್ಲರಿಗೂ ತಿಳಿದಿದ್ದ ಸಂಗತಿಯೇ.

ಇಸ್ರೇಲ್ 2008ರಲ್ಲಿ ಇದನ್ನು ನಿಷೇಧಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸ್ವೀಡನ್ನಿನಲ್ಲಿ ಯುವತಿಯೊಬ್ಬಳು ಸಾವನ್ನಪ್ಪಿದ ಬಳಿಕ ಅಲ್ಲಿಯೂ ನಿರ್ಬಂಧ ಬಂದಿತು. ರಕ್ತದಲ್ಲಿ ಸೋಡಿಯಂ ಕುಸಿದು ಆಕೆಯ ಮಿದುಳು ಊದಿಕೊಂಡಿತ್ತು.

ಬ್ರಿಟನ್ನಿನ ಪ್ರಕರಣ ಇನ್ನೊಂದು ಬಗೆಯದು. 2010ರ ಮಾರ್ಚ್‌ನಲ್ಲಿ ಸ್ಕಂತಾರ್ಪ್ ಪಟ್ಟಣದ ಇಬ್ಬರು ಯುವಕರ ಸಾವಿಗೆ ಮೆಫೆಡ್ರೋನ್ ಕಾರಣವೆಂದು ಪತ್ರಿಕೆಗಳು ಬರೆದವು. ಏಪ್ರಿಲ್ 16ರಂದು ನಿಷೇಧ ಜಾರಿಯಾಯಿತು. ಆದರೆ ಮೇ ತಿಂಗಳಲ್ಲಿ ಬಂದ ಪ್ರಯೋಗಾಲಯದ ವರದಿಯ ಪ್ರಕಾರ ಅವರಿಬ್ಬರ ದೇಹದಲ್ಲಿ ಮೆಫೆಡ್ರೋನ್ ಇರಲೇ ಇಲ್ಲ. ಇದರಿಂದ ಆ ವಸ್ತು ನಿರಪಾಯಕಾರಿಯೆಂದು ಸಾಬೀತಾಗಲಿಲ್ಲ. ಬೇರೆ ಹಲವು ಸಾವುಗಳಲ್ಲಿ ಅದರ ಪಾತ್ರ ದೃಢಪಟ್ಟಿದೆ. ನಿಷೇಧದ ಬೆನ್ನಲ್ಲೇ 'ಎನ್‌ಆರ್‌ಜಿ-1' ಮುಂತಾದ ಹೆಸರುಗಳ 'ಕಾನೂನುಬದ್ಧ' ಪೊಟ್ಟಣಗಳು ಮಾರುಕಟ್ಟೆಗೆ ಬಂದವು. ಅವುಗಳನ್ನು ಪರೀಕ್ಷಿಸಿದಾಗ ಅನೇಕವುಗಳಲ್ಲಿ ಆಗಷ್ಟೇ ನಿಷೇಧಕ್ಕೊಳಗಾಗಿದ್ದ ಕ್ಯಾಥಿನೋನ್‌ಗಳೇ ಕಂಡುಬಂದವು.

ಪರಿಣಾಮಗಳು

ಮೆಫೆಡ್ರೋನ್ ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್, ಸೆರೊಟೋನಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ಬಿಡುಗಡೆಯನ್ನು ಹಠಾತ್ತನೆ ಹೆಚ್ಚಿಸುತ್ತದೆ. ಇದರ ಫಲವಾಗಿ ಉಲ್ಲಾಸ, ಮಾತಿನ ಹುರುಪು, ಪರರ ಬಗ್ಗೆ ಆಪ್ತಭಾವ, ನಿದ್ರೆ ಮತ್ತು ಹಸಿವಿನ ಮರೆವು ಉಂಟಾಗುತ್ತವೆ. ಈ ಸ್ಥಿತಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ಮೂಗಿನ ಮೂಲಕ ಸೇವಿಸಿದಾಗ ಕೆಲವೇ ನಿಮಿಷಗಳಲ್ಲಿ ಏರಿ, ಒಂದೆರಡು ಗಂಟೆಗಳಲ್ಲಿ ಇಳಿಯುತ್ತದೆ. ಇಳಿತದ ಬೇಸರವನ್ನು ತಪ್ಪಿಸಿಕೊಳ್ಳಲು ವ್ಯಕ್ತಿಯು ಮತ್ತೆ ಮತ್ತೆ ಸೇವಿಸುತ್ತಾನೆ. ಒಂದೇ ರಾತ್ರಿಯಲ್ಲಿ ಅಳತೆ ತಪ್ಪುವುದು ಹೀಗೆ.

ಎದೆಬಡಿತ ಮತ್ತು ರಕ್ತದೊತ್ತಡದ ಏರಿಕೆ, ವಿಪರೀತ ಬೆವರು, ಹಲ್ಲು ಕಡಿಯುವುದು, ಮೂಗಿನಿಂದ ರಕ್ತ ಸೋರುವುದು, ಬೆರಳುಗಳು ತಣ್ಣಗಾಗಿ ನೀಲಿಗಟ್ಟುವುದು ಸಾಮಾನ್ಯವಾಗಿ ಕಾಣುವ ಲಕ್ಷಣಗಳು. ಗಾಬರಿ, ತನ್ನನ್ನು ಯಾರೋ ಹಿಂಬಾಲಿಸುತ್ತಿದ್ದಾರೆಂಬ ಸಂಶಯ, ಇಲ್ಲದ್ದು ಕಂಡಂತಾಗುವ ಭ್ರಮೆಗಳೂ ತಲೆದೋರುತ್ತವೆ. ದೇಹದ ಉಷ್ಣತೆ ಅತಿಯಾಗಿ ಏರುವುದು, ಸೆಳವು ಮತ್ತು ಹೃದಯದ ಲಯ ತಪ್ಪುವುದು ಪ್ರಾಣಾಪಾಯದ ಚಿಹ್ನೆಗಳಾಗಿವೆ. ಮದ್ಯ ಅಥವಾ ಇತರ ಉತ್ತೇಜಕಗಳ ಜೊತೆಗೆ ಸೇವಿಸಿದಾಗ ಅಪಾಯ ಹೆಚ್ಚುತ್ತದೆ. ಖಿನ್ನತೆ ನಿವಾರಕ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿರುವವರಲ್ಲಿ ಸೆರೊಟೋನಿನ್ ಮಿತಿಮೀರಿ, ಸ್ನಾಯುಗಳು ಬಿಗಿದು ಜ್ವರವೇರುವ ಸಂಭವವಿದೆ.

ಪುಡಿಯೊಳಗೆ ನಿಜವಾಗಿ ಏನಿದೆ ಎಂಬುದು ಕೊಂಡವನಿಗೂ ಅನೇಕ ವೇಳೆ ಮಾರಿದವನಿಗೂ ತಿಳಿದಿರುವುದಿಲ್ಲ. ಆದಕಾರಣ ಹಿಂದೆ 'ಏನೂ ಆಗಲಿಲ್ಲ' ಎಂಬ ಅನುಭವ ಮುಂದಿನ ಪೊಟ್ಟಣಕ್ಕೆ ಅನ್ವಯಿಸುವುದಿಲ್ಲ. ಮೂತ್ರದ ಸಾಮಾನ್ಯ ಕ್ಷಿಪ್ರ ಪರೀಕ್ಷೆಗಳು ಕೃತಕ ಕ್ಯಾಥಿನೋನ್‌ಗಳನ್ನು ವಿಶ್ವಾಸಾರ್ಹವಾಗಿ ಗುರುತಿಸುವುದಿಲ್ಲವಾದ್ದರಿಂದ ವೈದ್ಯರಿಗೂ ಕೂಡಲೇ ಕಾರಣ ಹೊಳೆಯದಿರಬಹುದು.

ಚಿಕಿತ್ಸೆ

ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಉದ್ರೇಕವನ್ನು ತಗ್ಗಿಸಲು ಬೆಂಜೊಡಯಜಪೀನ್ ವರ್ಗದ ಔಷಧಿಗಳನ್ನು ನೀಡಿ, ದೇಹವನ್ನು ತಂಪುಗೊಳಿಸಿ, ಹೃದಯ ಮತ್ತು ಸೋಡಿಯಂ ಪ್ರಮಾಣದ ಮೇಲೆ ನಿಗಾ ಇಡಲಾಗುತ್ತದೆ. ಕೆರಳಿದ ವ್ಯಕ್ತಿಯನ್ನು ಬಲವಂತವಾಗಿ ಅದುಮಿ ಹಿಡಿದರೆ ಉಷ್ಣತೆ ಇನ್ನಷ್ಟು ಏರಬಹುದು. ಸೆಳವು, ಎದೆನೋವು ಅಥವಾ ಪ್ರಜ್ಞೆ ತಪ್ಪುವಿಕೆ ಕಂಡುಬಂದಲ್ಲಿ ತಡಮಾಡದೆ 108ಕ್ಕೆ ಕರೆ ಮಾಡಿ, ಸೇವಿಸಿದ್ದೇನೆಂಬುದನ್ನು ವೈದ್ಯರಿಂದ ಮುಚ್ಚಿಡದೆ ತಿಳಿಸಬೇಕು.

ಭಾರತದಲ್ಲಿ ಕಾನೂನು

ಭಾರತದಲ್ಲಿ 2015ರ ಫೆಬ್ರುವರಿಯಲ್ಲಿ ಮೆಫೆಡ್ರೋನನ್ನು 1985ರ ಎನ್‌ಡಿಪಿಎಸ್ ಕಾಯಿದೆಯ ವ್ಯಾಪ್ತಿಗೆ ತರಲಾಯಿತು. ಅದಕ್ಕೆ ಮೊದಲು ಮುಂಬಯಿಯಲ್ಲಿ ಇದರ ಹಾವಳಿ ಹೆಚ್ಚಿದ್ದರೂ ಆ ಕಾಯಿದೆಯಡಿ ಮೊಕದ್ದಮೆ ಹೂಡಲು ಪೊಲೀಸರಿಗೆ ಅವಕಾಶವಿರಲಿಲ್ಲ. ಈಗ 2 ಗ್ರಾಂವರೆಗೆ 'ಅಲ್ಪ ಪ್ರಮಾಣ'ವೆಂದೂ 50 ಗ್ರಾಂ ಮೀರಿದರೆ 'ವಾಣಿಜ್ಯ ಪ್ರಮಾಣ'ವೆಂದೂ ಪರಿಗಣಿಸಲಾಗುತ್ತದೆ. ವಾಣಿಜ್ಯ ಪ್ರಮಾಣಕ್ಕೆ 10ರಿಂದ 20 ವರ್ಷಗಳ ಕಠಿಣ ಸೆರೆವಾಸವಿದೆ.

ಶಿಕ್ಷೆಯ ಭಯದಿಂದ ಚಿಕಿತ್ಸೆಗೆ ಹಿಂಜರಿಯುವವರು ಬಹಳ. ಇದೇ ಕಾಯಿದೆಯ 64ಎ ಕಲಮಿನ ವಿಷಯ ಅಂಥವರಿಗೆ ತಿಳಿದಿರುವುದಿಲ್ಲ. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿಯು ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಆತನನ್ನು ವಿಚಾರಣೆಗೆ ಗುರಿಪಡಿಸುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ರದ್ದಾಗಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ 14446.