ಹನ್ನೊಂದನೆಯ ಸಂಚಿಕೆಯ ಕೃಷ್ಣ

ಹಳೆಯ ‘ಅಮರ ಚಿತ್ರಕಥೆ’ಗಳನ್ನು ಜೋಪಾನವಾಗಿ ಇಟ್ಟುಕೊಂಡವರ ಮನೆಯಲ್ಲಿ ಇಂಗ್ಲಿಷಿನ ‘ಕೃಷ್ಣ’ ಪುಸ್ತಕದ ಹಳೆಯ ಮುದ್ರಣ ಸಿಕ್ಕರೆ ಅದರ ಕ್ರಮಸಂಖ್ಯೆಯನ್ನೊಮ್ಮೆ ನೋಡಬೇಕು. ಇಡೀ ಮಾಲೆಗೆ ನಾಂದಿ ಹಾಡಿದ್ದೇ ಈ ಪುಸ್ತಕ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದರ ಸಂಖ್ಯೆ ಒಂದಲ್ಲ, ಹನ್ನೊಂದು. ಹಾಗಾದರೆ ಮೊದಲ ಹತ್ತು ಎಲ್ಲಿ ಹೋದವು?

ಈ ಪ್ರಶ್ನೆಗೆ ಉತ್ತರ ಬೆಂಗಳೂರಿನಲ್ಲಿದೆ. ಮುಂಬಯಿಯ ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಪುಸ್ತಕಗಳನ್ನು ಇಲ್ಲಿ ಮಾರಾಟ ಮಾಡುತ್ತಿದ್ದವರು ಜಿ.ಕೆ. ಅನಂತಕೃಷ್ಣ. ಮಕ್ಕಳಿಗಾಗಿ ಕನ್ನಡದಲ್ಲೇ ಬಣ್ಣದ ಚಿತ್ರಕಥೆಗಳನ್ನು ತಂದರೆ ಹೇಗೆ ಎಂಬ ಸಲಹೆಯನ್ನು ಅವರು ಮಾಲೀಕರ ಮುಂದಿಟ್ಟರು. ಅವರೇ ಮುಂದೆ ಹೇಳಿಕೊಂಡಂತೆ 1965ರಲ್ಲಿ ಅಮರ ಚಿತ್ರಕಥೆ ಶುರುವಾದದ್ದು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಅಲ್ಲ. ಆ ಮೊದಲ ಹತ್ತು ಪುಸ್ತಕಗಳು ಚೆನ್ನಾಗಿ ಮಾರಾಟವಾದ ಮೇಲೆಯೇ ಮುಂಬಯಿಯವರಿಗೆ ಧೈರ್ಯ ಬಂದದ್ದು, ಇಂಗ್ಲಿಷಿನ ಸಂಖ್ಯೆ ಹನ್ನೊಂದರಿಂದ ಎಣಿಕೆ ಹಿಡಿದದ್ದು.

ತಮಾಷೆಯೆಂದರೆ ಆ ಹತ್ತರಲ್ಲಿ ರಾಮನೂ ಇರಲಿಲ್ಲ, ಕೃಷ್ಣನೂ ಇರಲಿಲ್ಲ. ಇದ್ದವರು ಸಿಂಡ್ರೆಲಾ, ಸ್ನೋವೈಟ್, ಪಿನೋಕಿಯೋ, ಅಲ್ಲಾದೀನ್ ಮತ್ತು ಹುರುಳಿ ಬಳ್ಳಿ ಹತ್ತಿ ಆಕಾಶಕ್ಕೆ ಹೋದ ಜಾಕ್! ಭಾರತೀಯ ಸಂಸ್ಕೃತಿಯ ಪಾಠಪುಸ್ತಕ ಎಂದು ಮುಂದೆ ಹೆಸರಾದ ಮಾಲೆಯು ಕನ್ನಡದ ಮಕ್ಕಳಿಗೆ ಮೊದಲು ಪರಿಚಯಿಸಿದ್ದು ಪರದೇಶದ ರಾಜಕುಮಾರಿಯರನ್ನು.

ಕೃಷ್ಣನನ್ನು ತಂದವರು ಅನಂತ ಪೈ. ಅವರೂ ಈ ಕಡೆಯವರೇ. 1929ರ ಸೆಪ್ಟೆಂಬರ್ 17ರಂದು ಕಾರ್ಕಳದಲ್ಲಿ ಹುಟ್ಟಿದರು. ಎರಡು ವರ್ಷದವರಿದ್ದಾಗಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು, ಹನ್ನೆರಡನೆಯ ವಯಸ್ಸಿಗೆ ಮುಂಬಯಿ ಸೇರಿದರು. ಅಲ್ಲಿ ಓದಿದ್ದು ರಸಾಯನ ತಂತ್ರಜ್ಞಾನ. ಆದರೆ ಒಲವಿದ್ದದ್ದು ಅಚ್ಚಿನ ಮನೆಯ ಕಡೆಗೆ. 1954ರಲ್ಲಿ ‘ಮಾನವ್’ ಎಂಬ ಮಕ್ಕಳ ಪತ್ರಿಕೆ ಹೊರಡಿಸಿ ಕೈ ಸುಟ್ಟುಕೊಂಡರು. ಆಮೇಲೆ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯ ಪುಸ್ತಕ ವಿಭಾಗಕ್ಕೆ ಸೇರಿಕೊಂಡರು. 1964ರ ಮಾರ್ಚ್‌ನಲ್ಲಿ ಆ ಸಂಸ್ಥೆಯಿಂದ ‘ಇಂದ್ರಜಾಲ ಕಾಮಿಕ್ಸ್’ ಹೊರಬಂದಾಗ ಅವರು ಅಲ್ಲಿಯೇ ಇದ್ದರು.

ಇಂದ್ರಜಾಲದ ನಾಯಕ ಯಾರೆಂದು ಐವತ್ತು ದಾಟಿದವರಿಗೆ ಹೇಳಬೇಕಾಗಿಲ್ಲ. ಬಿಗಿಯಾದ ಉಡುಪು, ಕಣ್ಣಿಗೆ ಕಪ್ಪು ಪಟ್ಟಿ, ಬೆರಳಿಗೆ ತಲೆಬುರುಡೆಯ ಉಂಗುರ. ಅಮೆರಿಕದ ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್ ತನ್ನ ಸ್ವಂತ ದೇಶಕ್ಕಿಂತ ಭಾರತದಲ್ಲೇ ಹೆಚ್ಚು ಆಪ್ತನಾದ ಎಂದರೆ ತಪ್ಪಾಗಲಾರದು. ಬಂಗಾಳಿಗಳಿಗೆ ಅವನು ‘ಅರಣ್ಯದೇವ’, ಹಿಂದಿಯವರಿಗೆ ‘ವೇತಾಳ’. ಅವನಿಗೆ ಹಾರಲು ಬಾರದು, ಗುಂಡು ತಾಗಿದರೆ ರಕ್ತ ಸುರಿಯುತ್ತದೆ. ಅಪ್ಪ ಸತ್ತರೆ ಮಗ ಅದೇ ಉಡುಪು ತೊಟ್ಟು ತಲೆಮಾರಿನ ಮೇಲೆ ತಲೆಮಾರು ಕೆಲಸ ಮುಂದುವರಿಸುವುದರಿಂದ ಕಾಡಿನವರು ಅವನಿಗೆ ಸಾವಿಲ್ಲವೆಂದು ನಂಬಿದ್ದಾರೆ, ಅಷ್ಟೆ. ಬಹುಶಃ ಹುಡುಗರನ್ನು ಹಿಡಿದದ್ದು ಇದೇ. ಆಕಾಶದಿಂದ ಇಳಿದುಬಂದವನಂತೆ ಆಗುವುದು ಯಾರಿಗೂ ಸಾಧ್ಯವಿಲ್ಲ. ಆದರೆ ಟವೆಲು ಸುತ್ತಿಕೊಂಡು, ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಹಿತ್ತಲಿನ ಪೇರಲೆ ಮರವೇರಿ ಫ್ಯಾಂಟಮ್ ಆಗಬಹುದು.

ಆ ಫ್ಯಾಂಟಮ್‌ನನ್ನೂ ನಮ್ಮವರು ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಮೂಲದಲ್ಲಿದ್ದ ಬೆಂಗಾಲಿ ಎಂಬ ಕಾಡಿನ ದೇಶ ಇಲ್ಲಿ ‘ಡೆಂಕಾಲಿ’ಯಾಯಿತು. ‘ಸಿಂಗ್’ ಕಡಲ್ಗಳ್ಳರು ‘ಸಿಂಗಾ’ ಕಡಲ್ಗಳ್ಳರಾದರು. ಭಾರತೀಯ ಓದುಗನಿಗೆ ನೋವಾಗಬಾರದೆಂಬ ಎಚ್ಚರ. ಆದರೆ ಕಪ್ಪು ಮೈಯ ಕಾಡಿನ ಜನ ಬಿಳಿಯನೊಬ್ಬನ ಮಾತಿಗೆ ತಲೆಬಾಗಿ ಶತಮಾನಗಳಿಂದ ಕಾಯುತ್ತಿರುವ ಚಿತ್ರ ಮಾತ್ರ ಹಾಗೇ ಉಳಿಯಿತು. ವಸಾಹತುಶಾಹಿಯಿಂದ ಬಿಡುಗಡೆಯಾಗಿ ಇಪ್ಪತ್ತು ವರ್ಷವೂ ಆಗದ ನಾಡಿನ ಮಕ್ಕಳು ಅದನ್ನು ಕಣ್ಣು ಮಿಟುಕಿಸದೆ ಓದಿದರು. 1976ರಲ್ಲಿ ಆಬಿದ್ ಸುರ್ತಿ ಅವರು ‘ಬಹಾದುರ್’ ಎಂಬ ಭಾರತೀಯ ನಾಯಕನನ್ನು ಅದೇ ಇಂದ್ರಜಾಲಕ್ಕೆ ಕೊಟ್ಟರೂ ಫ್ಯಾಂಟಮ್‌ನ ಗದ್ದುಗೆ ಅಲುಗಲಿಲ್ಲ. ಎಂಟುನೂರಕ್ಕೂ ಹೆಚ್ಚು ಸಂಚಿಕೆಗಳ ನಂತರ, 1990ರಲ್ಲಿ ಇಂದ್ರಜಾಲ ನಿಂತಿತು.

ಪೈ ಅವರು ಫ್ಯಾಂಟಮ್‌ನಿಂದ ಕೃಷ್ಣನ ಕಡೆಗೆ ಹೊರಳಿದ್ದಕ್ಕೆ ಒಂದು ಪ್ರಸಂಗವಿದೆ. 1967ರಲ್ಲಿ ಅವರು ದೆಹಲಿಯಲ್ಲಿದ್ದಾಗ ದೂರದರ್ಶನದಲ್ಲಿ ಕಾಲೇಜು ವಿದ್ಯಾರ್ಥಿಗಳ ರಸಪ್ರಶ್ನೆ ನೋಡಿದರು. ಗ್ರೀಕ್ ದೇವತೆಗಳ ಕುರಿತ ಪ್ರಶ್ನೆಗೆ ಥಟ್ಟನೆ ಉತ್ತರ ಬಂತು. ರಾಮನ ತಾಯಿ ಯಾರು ಎಂದಾಗ ಯಾರೂ ಬಾಯಿ ಬಿಡಲಿಲ್ಲ. ಈ ಕಥೆಯನ್ನು ಪೈ ಅವರು ಬದುಕಿನುದ್ದಕ್ಕೂ ಹೇಳುತ್ತ ಬಂದರು. ಬೆಂಗಳೂರಿನ ಕಥೆ, ದೆಹಲಿಯ ಕಥೆ ಎರಡರಲ್ಲಿ ಯಾವುದು ನಿಜ ಎಂಬ ವಾದ ಅನಗತ್ಯ. ಚಿತ್ರಕಥೆಗೆ ಮಾರುಕಟ್ಟೆ ಇದೆಯೆಂದು ತೋರಿಸಿದ್ದು ಕನ್ನಡ. ಆ ಚಿತ್ರಕಥೆಯೊಳಗೆ ಏನಿರಬೇಕೆಂದು ಹೇಳಿದವರು ಪೈ. ಮೊದಲನೆಯದನ್ನು ಲೋಕ ಮರೆತಿದೆ ಎಂಬುದಷ್ಟೇ ಬೇಸರ.

ರಾಮ್ ವಾಯೀರ್ಕರ್ ಬರೆದ ಚಿತ್ರಗಳೊಂದಿಗೆ ಅರವತ್ತರ ದಶಕದ ಕೊನೆಗೆ ಬಂದ ‘ಕೃಷ್ಣ’ದಲ್ಲಿ ಕುತೂಹಲದ ಸಂಗತಿಯೊಂದಿತ್ತು. ವಿಜ್ಞಾನ ಓದಿದ ಪೈ ಅವರಿಗೆ ಪವಾಡಗಳೆಂದರೆ ಮುಜುಗರ. ಬೆಟ್ಟವನ್ನು ಕಿರುಬೆರಳಲ್ಲಿ ಎತ್ತಿದ ಗೋವರ್ಧನ ಪ್ರಸಂಗವನ್ನು ಮೊದಲ ಆವೃತ್ತಿಯಲ್ಲಿ ತೋರಿಸಲು ಅವರು ಹಿಂಜರಿದರು. ಮುಂದಿನ ಪರಿಷ್ಕೃತ ಆವೃತ್ತಿಯ ಹೊತ್ತಿಗೆ ಬೆಟ್ಟ ಮೇಲೇರಿತು. ಬೆಟ್ಟ ಎತ್ತದ ಕೃಷ್ಣ ಯಾರಿಗೆ ಬೇಕು? ನಾಯಕನನ್ನು ಸಂಪಾದಕ ಒಂದು ಕಡೆ ಎಳೆದರೆ ಓದುಗ ಇನ್ನೊಂದು ಕಡೆ ಎಳೆಯುತ್ತಾನೆ.

ಆಮೇಲಿನದು ಗೊತ್ತಿರುವ ವಿಷಯ. ಶಕುಂತಲೆ, ಸಾವಿತ್ರಿ, ಶಿವಾಜಿ, ಝಾನ್ಸಿ ರಾಣಿ, 1979ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಹೀಗೆ ಸಾಲು ಬೆಳೆಯಿತು. ಕರ್ನಾಟಕದ ಪಾಲಿಗೆ ಬಸವೇಶ್ವರ, ಪುರಂದರದಾಸ, ಟಿಪ್ಪು ಸುಲ್ತಾನ್, ಲಕ್ಷ್ಮೀಶನ ಜೈಮಿನಿ ಭಾರತದಿಂದ ನಮಗೆ ಪರಿಚಿತನಾದ ಚಂದ್ರಹಾಸ, ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಬಂದರು. ಕರಾವಳಿಯ ಆಚೆಗೆ ಅಬ್ಬಕ್ಕನ ಹೆಸರು ಅಷ್ಟಾಗಿ ಕೇಳದಿದ್ದ ಕಾಲದಲ್ಲಿ ಮೂವತ್ತೆರಡು ಪುಟಗಳ ಆ ಪುಸ್ತಕ ದೂರದ ಊರುಗಳ ಮಕ್ಕಳಿಗೂ ಅವಳನ್ನು ಮುಟ್ಟಿಸಿತು. 2012ರಲ್ಲಿ ಕರಾವಳಿ ರಕ್ಷಣಾ ಪಡೆಯ ಹಡಗೊಂದಕ್ಕೆ ಅವಳ ಹೆಸರಿಟ್ಟಾಗ ಚಿತ್ರಕಥೆಯ ಹಳೆಯ ಓದುಗರಿಗೆ ಅವಳು ಅಪರಿಚಿತಳಾಗಿರಲಿಲ್ಲ.

ಮಕ್ಕಳಿಗೆ ಮಹಾಪುರುಷರನ್ನು ಪರಿಚಯಿಸುವ ಹಂಬಲ ಆ ದಶಕದ ಗಾಳಿಯಲ್ಲೇ ಇತ್ತು. ರಾಷ್ಟ್ರೋತ್ಥಾನ ಪರಿಷತ್ತು ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಹೊರತಂದ ‘ಭಾರತ ಭಾರತಿ’ ಪುಸ್ತಿಕೆಗಳು ಕನ್ನಡ ಶಾಲೆಗಳನ್ನು ಹೊಕ್ಕವು. ಅವುಗಳಲ್ಲಿ ಮಾತೇ ಮುಖ್ಯ. ಚಿತ್ರಕಥೆಯ ಬಲ ಬೇರೆ. ಓದಿದ ಮಾತು ಮರೆತುಹೋಗಬಹುದು, ಕಂಡ ಮುಖ ಮರೆಯುವುದಿಲ್ಲ. ಕರ್ಣ ಹೇಗಿದ್ದ ಎಂದು ಆ ತಲೆಮಾರಿನವರನ್ನು ಕೇಳಿ ನೋಡಿ. ಅವರ ಕಣ್ಣ ಮುಂದೆ ಬರುವುದು ಪಂಪನ ಕರ್ಣನೂ ಅಲ್ಲ, ಕುಮಾರವ್ಯಾಸನ ಕರ್ಣನೂ ಅಲ್ಲ.

ತಕರಾರು ಹುಟ್ಟುವುದೂ ಇಲ್ಲಿಯೇ. ಮುಖ ಮರೆಯುವುದಿಲ್ಲವೆಂದ ಮೇಲೆ ಆ ಮುಖವನ್ನು ಹೇಗೆ ಬರೆದರು ಎಂದು ಕೇಳಬೇಕಾಗುತ್ತದೆ. ನಂದಿನಿ ಚಂದ್ರ 2008ರಲ್ಲಿ, ಅಮೆರಿಕದ ಕಾರ್ಲಿನ್ ಮೆಕ್ಲೇನ್ 2009ರಲ್ಲಿ ಈ ಮಾಲೆಯ ಬಗ್ಗೆ ಗ್ರಂಥಗಳನ್ನೇ ಬರೆದರು. ನಾಯಕರು ಬೆಳ್ಳಗೆ, ರಾಕ್ಷಸರು ಕಪ್ಪಗೆ. ರಾಜರಿಗೂ ಮೇಲ್ಜಾತಿಯವರಿಗೂ ಹೆಚ್ಚು ಪುಟ. ಶಿವಾಜಿ, ರಜಪೂತರ ಕಥೆಗಳಲ್ಲಿ ಮುಸ್ಲಿಮನೆಂದರೆ ದಾಳಿಕೋರ. ಒಳ್ಳೆಯ ಹೆಂಗಸೆಂದರೆ ಗಂಡನಿಗಾಗಿ ಬೆಂಕಿಗಿಳಿಯುವವಳು. ವಿದ್ವಾಂಸರ ಟೀಕೆಗಳು ಈ ದಾರಿಯಲ್ಲಿ ಸಾಗುತ್ತವೆ. ‘ವಾಲ್ಮೀಕಿ’ ಸಂಚಿಕೆ ಅವನನ್ನು ದರೋಡೆಕೋರನಾಗಿ ತೋರಿಸಿತೆಂದು ಪಂಜಾಬಿನ ವಾಲ್ಮೀಕಿ ಸಮುದಾಯದವರು ಸಿಟ್ಟಿಗೆದ್ದದ್ದೂ ಉಂಟು. ಅಕ್ಬರ್, ನೂರ್ ಜಹಾನರಿಗೂ ಸಂಚಿಕೆಗಳಿದ್ದವು, ಅಂಬೇಡ್ಕರ್ ಅವರಿಗೂ ಇತ್ತು ಎಂಬುದು ನಿಜ. ಆದರೆ ಕೆಲವು ಸಂಚಿಕೆಗಳಿಂದ ಇಡೀ ಮಾಲೆಯ ಬಣ್ಣ ಬದಲಾಗುವುದಿಲ್ಲ.

ಈ ಟೀಕೆಗೆ ಕರಾವಳಿಯ ಕಡೆಯಿಂದ ಒಂದು ಮಾತು ಸೇರಿಸಬಹುದು. ಪೈ ಅವರು ಹುಟ್ಟಿದ ಕಾರ್ಕಳದ ಸುತ್ತಮುತ್ತ ಮಕ್ಕಳು ರಾವಣನನ್ನು ಮೊದಲು ಕಾಣುತ್ತಿದ್ದುದು ಪುಸ್ತಕದಲ್ಲಲ್ಲ, ಯಕ್ಷಗಾನದ ರಂಗಸ್ಥಳದಲ್ಲಿ. ಅಲ್ಲಿ ರಾಕ್ಷಸನೆಂದರೆ ಬಣ್ಣದ ವೇಷ. ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು ಅಕ್ಕಿಹಿಟ್ಟಿನ ಚುಟ್ಟಿಯನ್ನು ಒಂದೊಂದಾಗಿ ಮುಖದ ಮೇಲೆ ಇಟ್ಟುಕೊಂಡು, ನಡುರಾತ್ರಿ ತೆರೆಯ ಹಿಂದಿನಿಂದ ಆರ್ಭಟಿಸುತ್ತ ಅವನು ಬರುತ್ತಾನೆ. ಚೆಂಡೆಯ ಸದ್ದಿಗೆ ಮಲಗಿದ್ದ ಮಕ್ಕಳು ಎದ್ದು ಕೂರುತ್ತಾರೆ, ಹೆದರುತ್ತಾರೆ. ಆದರೆ ಆ ಹೆದರಿಕೆಯಲ್ಲಿ ಗೌರವವೂ ಇದೆ. ಆ ರಾತ್ರಿಯ ಅತಿ ಭವ್ಯ ಪ್ರವೇಶ ಅವನದೇ. ಬೆಳಗಿನ ಜಾವ ಅವನು ಸಾಯುವ ಮೊದಲು ತನ್ನ ಕಡೆಯ ವಾದವನ್ನು ಅರ್ಥಗಾರಿಕೆಯಲ್ಲಿ ಮಂಡಿಸುತ್ತಾನೆ, ರಾಮನಿಗೆ ಪ್ರತಿಮಾತು ಕೊಡುತ್ತಾನೆ. ಚಿತ್ರಕಥೆಯ ಚೌಕಟ್ಟಿನಲ್ಲಿ ಅಷ್ಟು ಮಾತಿಗೆ ಜಾಗ ಎಲ್ಲಿಯದು? ಒಂದು ಗುಳ್ಳೆಯಲ್ಲಿ ಅಟ್ಟಹಾಸ, ಮುಂದಿನ ಗುಳ್ಳೆಯಲ್ಲಿ ಚೀರಾಟ, ಅಲ್ಲಿಗೆ ಅವನ ಕಥೆ ಮುಗಿಯಿತು. ಕಾರ್ಕಳದ ಹುಡುಗ ತನ್ನ ಪುಸ್ತಕಗಳಿಗೆ ಟಾರ್ಜನ್ನನ ಮೈಕಟ್ಟು, ರವಿವರ್ಮನ ಮುಖ ಎರಡನ್ನೂ ತಂದರೂ ತನ್ನೂರಿನ ಬಣ್ಣದ ವೇಷವನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಲಿಲ್ಲ.

ಅಂದಮಾತ್ರಕ್ಕೆ ಚಿತ್ರದಲ್ಲಿ ಕಥೆ ಹೇಳುವುದೇ ಹೊರಗಿನಿಂದ ಬಂದದ್ದೆಂದು ತಿಳಿಯಬೇಕಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಮಂಟಪದ ಗೋಡೆಯ ಸುತ್ತ 140 ಶಿಲ್ಪ ಫಲಕಗಳಿವೆ. ಒಂದು ಬದಿಗೆ ರಾಮಾಯಣ, ಇನ್ನೊಂದು ಬದಿಗೆ ಭಾಗವತ ಮತ್ತು ಮಹಾಭಾರತ. ಗೋಡೆಗುಂಟ ನಡೆದರೆ ಕಥೆಯೂ ನಡೆಯುತ್ತದೆ. ಅಕ್ಷರ ಬಾರದವರೂ ಎಂಟುನೂರು ವರ್ಷಗಳಿಂದ ಅದನ್ನು ಓದುತ್ತಿದ್ದಾರೆ.

1980ರಲ್ಲಿ ಪೈ ಅವರು ‘ಟಿಂಕಲ್’ ತಂದರು. ಇಂಥದ್ದೊಂದು ಪತ್ರಿಕೆಯ ಆಲೋಚನೆ ಸಹೋದ್ಯೋಗಿ ಸುಬ್ಬರಾವ್ ಅವರದು. ಅಲ್ಲಿ ಮಹಾಪುರುಷರಿರಲಿಲ್ಲ. ಹೇಳಿದ ಕೆಲಸವನ್ನು ತಪ್ಪಾಗಿಯೇ ಮಾಡುವ ಸುಪ್ಪಂಡಿ, ಹುಲಿ ಕಂಡರೆ ಓಡುವ ಶಿಕಾರಿ ಶಂಭು ಇದ್ದರು. ನಾಯಕರನ್ನು ಹುಡುಕಿ ಹುಡುಕಿ ಕೊಟ್ಟ ಸಂಪಾದಕರಿಗೆ ಮಕ್ಕಳ ಪತ್ರಗಳು ರಾಶಿ ರಾಶಿಯಾಗಿ ಬಂದದ್ದು ಇದರ ಮೂಲಕ. ‘ಅಂಕಲ್ ಪೈ’ ಎಂಬ ಹೆಸರು ಮನೆಮಾತಾದದ್ದೂ ಆಗಲೇ.

ಮನೆಮನೆಗೆ ಟಿವಿ ಬಂತು. 1987ರಲ್ಲಿ ‘ರಾಮಾಯಣ’ ಶುರುವಾದ ಮೇಲೆ ರಾಮನಿಗೆ ಇನ್ನೊಂದು ಮುಖ ಸಿಕ್ಕಿತು. ತೊಂಬತ್ತರ ದಶಕದ ಮೊದಲಿಗೆ ಅಮರ ಚಿತ್ರಕಥೆಯ ಹೊಸ ಸಂಚಿಕೆಗಳು ನಿಂತು, ಹಳೆಯವೇ ಮರುಮುದ್ರಣಗೊಳ್ಳತೊಡಗಿದವು. 2007ರಲ್ಲಿ ಮಾಲೆ ಹೊಸ ಒಡೆಯರ ಕೈಸೇರಿತು. 2011ರ ಫೆಬ್ರುವರಿ 24ರಂದು ಪೈ ಅವರು ಮುಂಬಯಿಯಲ್ಲಿ ತೀರಿಕೊಂಡರು. ಅದೇ ಸೆಪ್ಟೆಂಬರ್ 17ರಂದು, ಅವರ ಹುಟ್ಟುಹಬ್ಬದ ದಿನ, ಗೂಗಲ್ ತನ್ನ ಮುಖಪುಟದಲ್ಲಿ ಅವರನ್ನೇ ಚಿತ್ರಕಥೆಯಾಗಿ ಬರೆದು ತೋರಿಸಿತು.